ಮದರಾಸಿನ ಕ್ಷಯಚಿಕಿತ್ಸಾ ಪರೀಕ್ಷೆ

ಪ್ರಾಚೀನ ವೈದ್ಯರು ರಾಜಯಕ್ಷ್ಮವೆಂದು ಕರೆದ ಕ್ಷಯವ್ಯಾಧಿಗೆ ಶುದ್ಧವಾಯು, ಪುಷ್ಟಿಕರವಾದ ಆಹಾರ, ದೀರ್ಘವಿಶ್ರಾಂತಿಗಳು ಅನಿವಾರ್ಯವೆಂಬ ಮತವು ಬಹುಕಾಲ ರೂಢಮೂಲವಾಗಿದ್ದಿತು. ಆರೋಗ್ಯಧಾಮದಲ್ಲಿ ಹಾಸಿಗೆ ದೊರೆಯದ ಬಡವನು ನಿರಾಶನಾಗಬೇಕಾಗಿದ್ದಿತು. ಈ ಮತವನ್ನು ಒರೆಗೆ ಹಚ್ಚಿದುದು 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಚಿಕಿತ್ಸಾಕೇಂದ್ರವು.

ಅಲ್ಲಿ 193 ರೋಗಿಗಳನ್ನು ಮನೆ, ಆರೋಗ್ಯಧಾಮಗಳೆಂದು ಎರಡು ಪಂಗಡಗಳಾಗಿ ವಿಂಗಡಿಸಿ, ಉಭಯರಿಗೂ ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಔಷಧಗಳನ್ನೇ ಕೊಟ್ಟರು. ವೈದ್ಯವಿದ್ಯಾರ್ಥಿಗಳು ಮುಖ್ಯವಾಗಿ ಮನನಮಾಡತಕ್ಕುದು ವಿಂಗಡಣೆಯ ಕ್ರಮವನ್ನು. ಆಯ್ಕೆಯು ವೈದ್ಯನ ಕೈಯಲ್ಲಿದ್ದರೆ ಅವನು ಕರುಣೆಯಿಂದ ಕೃಶರಾದವರನ್ನೇ ಆರೋಗ್ಯಧಾಮಕ್ಕೆ ಕಳುಹಿಯಾನು. ಆಗ ಫಲಭೇದವು ಸ್ಥಳದ್ದೋ ರೋಗಿಯ ಬಲಾಬಲದ್ದೋ ತಿಳಿಯದು. ಆದುದರಿಂದ ಚೀಟಿಯೆತ್ತಿದಂತೆ ಯದೃಚ್ಛೆಯಿಂದಲೇ ಹಂಚಿದರು.

ಮನೆಯವರ ಊಟ ಬಡವಾಗಿದ್ದಿತು, ವಿಶ್ರಾಂತಿ ಕಡಿಮೆ. ಆದರೂ 1959ರಲ್ಲಿ ಪ್ರಕಟವಾದ ಫಲವಿದು: ವರ್ಷಾಂತ್ಯಕ್ಕೆ ರೋಗವು ಶಮನವಾದವರು ಮನೆಯಲ್ಲಿ ನೂರಕ್ಕೆ 86, ಆರೋಗ್ಯಧಾಮದಲ್ಲಿ 92. ಮನೆಯಲ್ಲಿದ್ದ ರೋಗಿಗಳಿಂದ ಕುಟುಂಬದವರಿಗೆ ಸೋಂಕು ಹೆಚ್ಚಲೂ ಇಲ್ಲ. ಇದರಿಂದ ಅನ್ನವು ನಿಷ್ಪ್ರಯೋಜಕವೆಂದು ಭಾವಿಸಲಾಗದು. ಪರೀಕ್ಷೆಯು ಕೇಳಿದ ಪ್ರಶ್ನೆಯೇ ಬೇರೆ.

ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ರೂಪಿಸಿಕೊಟ್ಟ ಯೋಜನೆಯು 1962ರಲ್ಲಿ ದೇಶದಲ್ಲಿ ಜಾರಿಗೆ ಬಂದಾಗ, ಗೃಹಚಿಕಿತ್ಸೆಯೇ ಅದಕ್ಕೆ ಆಧಾರವಾಯಿತು.