ರೈಲಿಗೆ ಕರೆಂಟ್ ಇದೆ, ಮತ್ತೆ ಬ್ಯಾಟರಿ ಯಾಕೆ?

ಭಾಗ 1/7 🚂

ಮೊದಲನೇ ಫೋಟೋದಲ್ಲಿರುವ ಎಂಜಿನ್ ನನ್ನ ಸೋದರಮಾವನದು. ನ್ಯೂಜೆರ್ಸಿಯಲ್ಲಿರುವ ಮಾವ ತೊಂಬತ್ತರ ದಶಕದಲ್ಲಿ ಮಗನ ಹುಟ್ಟುಹಬ್ಬಕ್ಕೆ ಅಂತ ಕೊಂಡಿದ್ದು. ಮಗ ದೊಡ್ಡವನಾದ, ಎಂಜಿನ್ ಡಬ್ಬ ಸೇರಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರೂ ಮುಟ್ಟಿರಲಿಲ್ಲ. ಈ ಸಲ ಊರಿಗೆ ಬಂದಾಗ ಮಾವ ಅದನ್ನು ನನ್ನ ಕೈಗಿಟ್ಟು, "ನಿಂಗೆ ರೈಲು ಅಂದ್ರೆ ಹುಚ್ಚಲ್ವೇನೋ, ಇಟ್ಕೋ. ಓಡಿಸಿದ ದಿನ ಫೋನ್ ಮಾಡಿ ಸದ್ದು ಕೇಳಿಸು, ಸಾಕು" ಅಂದರು.

ಅವರು ವಾಪಸ್ ಹೋದ ಮೇಲೆ ಹಾಲ್‌ನಲ್ಲಿ ಹಳಿ ಜೋಡಿಸಿದೆ. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ತಂದಿದ್ದೆ. ಎಲ್ಲಾ ಸರಿಯಾಗಿ ಮಾಡಿದ್ದೀನಿ ಅಂತ ಜಂಭ. ಮಾವನಿಗೆ ವಿಡಿಯೋ ಕಾಲ್ ಹಚ್ಚಿ ಸ್ವಿಚ್ ಹಾಕಿದೆ. ಎಂಜಿನ್ ಉಸಿರು ಬಿಟ್ಟಂತೆ ಸದ್ದು ಮಾಡಿತು! ಹಿಂದೆ ಮುಂದೆ ಓಡಿಸೋಣ ಅಂತ ಬಟನ್ ಒತ್ತಿದೆ, ಸದ್ದು ಕಟ್ ಆಯ್ತು. ಮತ್ತೆ ಒತ್ತಿದೆ, ಬಂತು. ಮತ್ತೆ ಮತ್ತೆ ಒತ್ತಿದೆ. ಅದಾದ ಮೇಲೆ ಎಂಜಿನ್ ಸದ್ದೂ ಮಾಡಲಿಲ್ಲ, ಅಲುಗಾಡಲೂ ಇಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಬ್ಯಾಟರಿ ಬದಲಾಯಿಸಿದ್ಯೇನೋ?"

"ಬ್ಯಾಟರಿನಾ? ಇದಕ್ಕೆ ಹಳಿಯಿಂದ ಕರೆಂಟ್ ಬರುತ್ತಲ್ಲ ಮಾವ?"

ಕಂಪನಿ ಹೆಸರು ಬೇಡ. ತಪ್ಪು ನನ್ನದು. ಆದರೆ ನನ್ನ ಆ ಪ್ರಶ್ನೆ ತಪ್ಪಾಗಿರಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ನೂರು ವರ್ಷದ ಹಿಂದಕ್ಕೆ ಹೋಗಬೇಕಾಯ್ತು. ಬನ್ನಿ, ಹೋಗೋಣ.

ಭಾಗ 2/7

ತಮಾಷೆ ಏನು ಗೊತ್ತಾ? ಈ ಕಥೆ ಶುರುವಾಗೋದೇ ಬ್ಯಾಟರಿಯಿಂದ.

1900ರಲ್ಲಿ ನ್ಯೂಯಾರ್ಕ್‌ನಲ್ಲಿ ಜೋಶುವಾ ಲಯನಲ್ ಕೋವೆನ್ ಎಂಬ ಯುವಕ ಒಂದು ಕಂಪನಿ ಕಟ್ಟಿದ. ತನ್ನ ಹೆಸರಿನ ಮಧ್ಯದ ತುಂಡನ್ನೇ ಅದಕ್ಕಿಟ್ಟ: ಲಯನಲ್. ಮರುವರ್ಷ ಅವನು ಮಾಡಿದ್ದು ಒಂದು ಮರದ ಪೆಟ್ಟಿಗೆಗೆ ಚಕ್ರ, ಅದರಡಿ ಒಂದು ಚಿಕ್ಕ ಮೋಟರು, ಓಡಿಸಲು ಬ್ಯಾಟರಿ. ಅದು ಆಟಿಕೆಯೇ ಅಲ್ಲ. ಅಂಗಡಿಯ ಗಾಜಿನ ಹಿಂದೆ ಸಾಮಾನು ಹೊತ್ತು ಸುತ್ತುತ್ತಾ ಗಿರಾಕಿಗಳನ್ನು ಸೆಳೆಯುವ ಜಾಹೀರಾತು. ಜನ ಒಳಗೆ ಬಂದರು, ಆದರೆ ಕೇಳಿದ್ದು ಸಾಮಾನನ್ನಲ್ಲ, ಆ ಗಾಡಿಯನ್ನೇ!

ಆಗ ಹೆಚ್ಚಿನ ಮನೆಗಳಲ್ಲಿ ಕರೆಂಟೇ ಇರಲಿಲ್ಲ. ಹಾಗಾಗಿ ಬ್ಯಾಟರಿ ಬಿಟ್ಟರೆ ದಾರಿ ಇರಲಿಲ್ಲ. ನಿಧಾನವಾಗಿ ಮನೆಮನೆಗೆ ವಿದ್ಯುತ್ ಬಂತು, ಟ್ರಾನ್ಸ್‌ಫಾರ್ಮರ್ ಬಂತು. 1906ರಲ್ಲಿ ಲಯನಲ್ ಮೂರು ಹಳಿಯ ಪದ್ಧತಿ ತಂದಿತು. ಹೊರಗಿನ ಎರಡು ಹಳಿ ಚಕ್ರಕ್ಕೆ, ನಡುವಿನದು ಕರೆಂಟಿಗೆ. ಎಂಜಿನ್ ಹೊಟ್ಟೆಯ ಕೆಳಗಿನ ಒಂದು ಉರುಳೆ ನಡುವಿನ ಹಳಿಯನ್ನು ಸವರುತ್ತಾ ಕರೆಂಟ್ ಎತ್ತಿಕೊಳ್ಳುತ್ತದೆ.

ಅಲ್ಲಿಗೆ ಬ್ಯಾಟರಿಯ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿರಬೇಕು. ಮುಂದಿನ ಎಷ್ಟೋ ದಶಕ ಅದು ನಿಜವೂ ಆಗಿತ್ತು. ಹಾಗಾದರೆ ಹೊರಗೆ ಹೋದ ಬ್ಯಾಟರಿ ಮತ್ತೆ ಒಳಗೆ ಬಂದದ್ದು ಹೇಗೆ?

ಭಾಗ 3/7

ಉತ್ತರ ಒಂದು ಸಣ್ಣ ಸಮಸ್ಯೆಯಲ್ಲಿದೆ: ರೈಲನ್ನು ಹಿಂದಕ್ಕೆ ಓಡಿಸುವುದು ಹೇಗೆ?

ಎರಡು ಹಳಿಯ ಡಿಸಿ ರೈಲಿನಲ್ಲಿ ಇದು ಸುಲಭ. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಮೋಟರು ಉಲ್ಟಾ ತಿರುಗುತ್ತದೆ. ಆದರೆ ಮೂರು ಹಳಿಯ ರೈಲು ಓಡೋದು ಎಸಿಯಲ್ಲಿ. ಅಲ್ಲಿ ಪ್ಲಸ್ ಮೈನಸ್ ತಾನಾಗಿಯೇ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ, ನಾವೇನು ಬದಲಾಯಿಸೋದು? ಮೊದಮೊದಲು ಮಕ್ಕಳು ಎದ್ದುಹೋಗಿ ಎಂಜಿನ್ ಮೇಲಿನ ಸನ್ನೆಯನ್ನು ಕೈಯಿಂದಲೇ ತಳ್ಳಬೇಕಿತ್ತು.

ಕನೆಕ್ಟಿಕಟ್ ರಾಜ್ಯದ ಐವ್ಸ್ ಎಂಬ ಕಂಪನಿ 1924ರಲ್ಲಿ ಇದಕ್ಕೆ ಜಾಣ ಉಪಾಯ ಹೂಡಿತು. ಹಳಿಯ ಕರೆಂಟನ್ನು ಒಮ್ಮೆ ಕಡಿದು ಮತ್ತೆ ಕೊಟ್ಟರೆ, ಎಂಜಿನ್ ಒಳಗಿನ ಒಂದು ಸ್ವಿಚ್ ಒಂದು ಹೆಜ್ಜೆ ತಿರುಗುತ್ತದೆ. ಮುಂದೆ, ನಿಲ್ಲು, ಹಿಂದೆ, ನಿಲ್ಲು, ಮತ್ತೆ ಮುಂದೆ. 1928ರಲ್ಲಿ ಐವ್ಸ್ ದಿವಾಳಿಯಾದಾಗ ಈ ಉಪಾಯ ಲಯನಲ್ ಕೈಗೆ ಬಂತು. ಹಳಬರು ಇದನ್ನು ಇ-ಯೂನಿಟ್ ಅನ್ನುತ್ತಾರೆ.

1935ರಲ್ಲಿ ಇನ್ನೊಂದು ಜಾಣತನ. ಎಸಿ ಹರಿಯುತ್ತಿರುವಾಗಲೇ ಅದರ ಮೇಲೆ ಸ್ವಲ್ಪ ಡಿಸಿ ಸೇರಿಸಿದರೆ ಟೆಂಡರ್, ಅಂದರೆ ಕಲ್ಲಿದ್ದಲು ನೀರು ಹೊರುವ ಹಿಂದಿನ ಗಾಡಿ, ಅದರಲ್ಲಿದ್ದ ಒಂದು ರಿಲೇ ಎಳೆಯುತ್ತದೆ, ಪುಟ್ಟ ಫ್ಯಾನ್ ತಿರುಗಿ ಸಿಳ್ಳೆ ಊದುತ್ತದೆ. ಆ ಸಿಳ್ಳೆಯಲ್ಲಿ ಚಿಪ್ಪೂ ಇಲ್ಲ, ಸ್ಪೀಕರೂ ಇಲ್ಲ, ಬರೀ ಗಾಳಿ.

ಎರಡನ್ನೂ ನೆನಪಿಟ್ಟುಕೊಳ್ಳಿ: ಕರೆಂಟ್ ಕಡಿದರೆ ದಿಕ್ಕು ಬದಲು, ಡಿಸಿ ಬೆರೆಸಿದರೆ ಸಿಳ್ಳೆ. ನಾನು ಒತ್ತಿದ ಬಟನ್‌ಗಳು ಮಾಡಿದ್ದೂ ಇದನ್ನೇ. ಹೆಚ್ಚುಕಡಿಮೆ ಎಪ್ಪತ್ತು ವರ್ಷವಾದರೂ ಯಾರೂ ಅದನ್ನು ಬದಲಿಸಿರಲಿಲ್ಲ. ಯಾಕಂದ್ರೆ ಮನೆಮನೆಯಲ್ಲಿ ಹಳೇ ಟ್ರಾನ್ಸ್‌ಫಾರ್ಮರ್‌ಗಳಿದ್ದವು, ಹೊಸ ಎಂಜಿನ್ ಅವುಗಳ ಮೇಲೂ ಓಡಬೇಕಿತ್ತು.

ಭಾಗ 4/7

ಈಗ ತೊಂಬತ್ತರ ದಶಕಕ್ಕೆ ಬನ್ನಿ. ಎಂಜಿನ್‌ಗಳ ಒಳಗೆ ಎಲೆಕ್ಟ್ರಾನಿಕ್ಸ್ ಬಂತು. ಉಗಿಬಂಡಿಯ ಚುಕುಬುಕು, ಗಂಟೆ, ಸಿಳ್ಳೆ ಎಲ್ಲವೂ ಧ್ವನಿಮುದ್ರಿತವಾಗಿ ಚಿಪ್ಪಿಗೆ ಇಳಿದವು. ಎಂಟಿಎಚ್ ಕಂಪನಿಯ ಪ್ರೊಟೊ-ಸೌಂಡ್, ಲಯನಲ್‌ನ ರೈಲ್‌ಸೌಂಡ್ಸ್ ಆ ಕಾಲದ ದೊಡ್ಡ ಹೆಸರುಗಳು.

ಆದರೆ ದಿಕ್ಕು ಬದಲಿಸೋದು ಹೇಗೆ? ಅದೇ ಹಳೇ ರೀತಿ, ಕರೆಂಟ್ ಕಡಿದು! 1924ರ ಸ್ವಿಚ್‌ಗೆ ಅದರಿಂದ ತೊಂದರೆ ಇರಲಿಲ್ಲ. ಚಿಪ್ಪಿಗೆ ಹಾಗಲ್ಲ, ಕರೆಂಟ್ ಕಡಿದ ಕೂಡಲೇ ಅದಕ್ಕೆ ಜೀವವೇ ಇಲ್ಲ. ನಿಲ್ದಾಣದಲ್ಲಿ ಬುಸುಗುಡುತ್ತಿರೋ ಎಂಜಿನ್ ದಿಕ್ಕು ಬದಲಿಸುವಾಗೆಲ್ಲ ಸತ್ತು ಬದುಕಿದರೆ ಏನು ಚೆಂದ? ಆ ಅರೆಗಳಿಗೆಯನ್ನು ದಾಟಿಸಲು ಬ್ಯಾಟರಿ ವಾಪಸ್ ಬಂತು. ನಮ್ಮ ಮನೆ ಕಂಪ್ಯೂಟರಿಗೆ ಯುಪಿಎಸ್ ಇದ್ದ ಹಾಗೆ. ಎಂಜಿನನ್ನು ಓಡಿಸುವ ಕೆಲಸ ಅದಕ್ಕಿಲ್ಲ. ಅದು ಇರೋದು ಕರೆಂಟ್ ಹೋಗಿ ಬರುವಷ್ಟು ಹೊತ್ತು ಉಸಿರು ಹಿಡಿಯಲು.

ಮೊದಲ ತಲೆಮಾರಿನ ಪ್ರೊಟೊ-ಸೌಂಡ್‌ನಲ್ಲಿ ಇದಕ್ಕೆ ಇನ್ನೂ ಗಂಭೀರವಾದ ಕೆಲಸವಿತ್ತು. ಪೂರ್ತಿ ಆಫ್ ಮಾಡಿದ ಮೇಲೆ ಕೆಲವು ಸೆಕೆಂಡ್ ಸದ್ದು ಮುಂದುವರಿಯುತ್ತದೆ. ಅಷ್ಟು ಹೊತ್ತಿನಲ್ಲಿ ಎಂಜಿನ್ ತನ್ನ ಸೆಟ್ಟಿಂಗ್‌ಗಳನ್ನು ಮೆಮೊರಿ ಚಿಪ್ಪಿಗೆ ಬರೆದಿಡುತ್ತದೆ. ಒಮ್ಮೆ ಬರೆದದ್ದು ಬ್ಯಾಟರಿ ಇಲ್ಲದೆಯೂ ಉಳಿಯುತ್ತದೆ. ಆದರೆ ಬರೆಯುತ್ತಿರುವಾಗ ವಿದ್ಯುತ್ ಬೇಕೇ ಬೇಕು.

ಪರೀಕ್ಷೆಯಲ್ಲಿ ಕೊನೇ ಗಂಟೆ ಹೊಡೆದು, ನೀವು ಅರ್ಧ ವಾಕ್ಯದಲ್ಲಿರುವಾಗ ಪೇಪರ್ ಕಿತ್ತುಕೊಂಡರೆ ಹೇಗಿರುತ್ತೆ? ಬ್ಯಾಟರಿ ಸತ್ತಿದ್ದರೆ ಇಲ್ಲೂ ಹಾಗೇ. ಅರ್ಧ ಬರೆದ ಚಿಪ್ ಕಲಸುಮೇಲೋಗರ ಆಗುತ್ತದೆ. ಮುಂದಿನ ಸಲ ಎಂಜಿನ್‌ಗೆ ತಾನು ಯಾರು ಅನ್ನೋದೇ ಮರೆತುಹೋಗಿರಬಹುದು.

ನಾನು ಅವತ್ತು ಮತ್ತೆ ಮತ್ತೆ ಬಟನ್ ಒತ್ತಿ ಪೇಪರ್ ಕಿತ್ತುಕೊಳ್ಳುತ್ತಲೇ ಇದ್ದೆ.

ಭಾಗ 5/7

ಹಾಗಾದರೆ ಆ ಬ್ಯಾಟರಿ ಸತ್ತದ್ದು ಯಾಕೆ? ಎಂಜಿನ್ ಡಬ್ಬದಲ್ಲಿ ಸುಮ್ಮನೇ ಇತ್ತಲ್ಲ?

ಸುಮ್ಮನೇ ಇದ್ದದ್ದೇ ಕಾರಣ. ಆ ಕಾಲದ ಎಷ್ಟೋ ಎಂಜಿನ್‌ಗಳಲ್ಲಿ ಇದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಸ್ವೀಡನ್‌ನ ವಾಲ್ಡೆಮಾರ್ ಯೂಂಗ್ನರ್ 1899ರಲ್ಲಿ ರೂಪಿಸಿದ್ದು. ನೋಡಲು ನಮ್ಮ 9 ವೋಲ್ಟಿನ ಚೌಕ ಬ್ಯಾಟರಿ ತರಾನೇ. ಒಳಗೆ ಮಾತ್ರ 1.2 ವೋಲ್ಟಿನ 7 ಪುಟ್ಟ ಕೋಶಗಳ ಸಾಲು, ಒಟ್ಟು 8.4 ವೋಲ್ಟ್. ರೈಲು ಓಡುವಾಗ ಹಳಿಯ ಕರೆಂಟಿನಿಂದಲೇ ಚಾರ್ಜ್ ಆಗುತ್ತಿರುತ್ತದೆ. ಓಡಿಸುತ್ತಾ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ.

ಸುಮ್ಮನೇ ಇಟ್ಟರೆ ತಿಂಗಳಿಗೆ ಸುಮಾರು ಶೇ. 10ರಿಂದ 20ರಷ್ಟು ಚಾರ್ಜ್ ತಾನಾಗಿಯೇ ಸೋರುತ್ತದೆ. ಒಂದು ವರ್ಷದೊಳಗೆ ಬರಿದು. ಬರಿದಾಗಿಯೇ ಉಳಿದ ಕೋಶಗಳೊಳಗೆ ಲೋಹದ ಸೂಜಿಯಂಥ ಎಳೆಗಳು ಬೆಳೆದು ಶಾರ್ಟ್ ಆಗಬಹುದು. ಸೀಲ್ ಬಿಟ್ಟುಹೋದರೆ ಒಳಗಿನ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹೊರಗೆ ಜಿನುಗಿ, ಗಾಳಿ ತಾಗಿ ಬಿಳಿ ಪುಡಿಯಾಗುತ್ತದೆ. ತಾಮ್ರಕ್ಕೆ ತಾಗಿದರೆ ಹಸಿರು ಕಿಲುಬು. ಎರಡನೇ ಫೋಟೋ ನೋಡಿ, ಮಾವನ ಎಂಜಿನ್‌ನ ಟೆಂಡರ್ ಬಿಚ್ಚಿದಾಗ ಕಂಡದ್ದು ಅದೇ.

ಇನ್ನೊಂದು ಮಾತು. ಕ್ಯಾಡ್ಮಿಯಂ ವಿಷ. ಜಪಾನಿನ ತೊಯಾಮಾದಲ್ಲಿ ಗಣಿಯಿಂದ ಹೊಳೆಗೆ ಸೇರಿದ ಕ್ಯಾಡ್ಮಿಯಂ ಗದ್ದೆಯ ಅಕ್ಕಿಗೆ ಇಳಿದು, ಜನರ ಮೂಳೆಗಳು ಟೊಳ್ಳಾದವು. ನೋವಿನಿಂದ ನರಳುವ ಸದ್ದನ್ನೇ ಆ ರೋಗಕ್ಕೆ ಹೆಸರಾಗಿಟ್ಟರು: ಇತಾಯ್-ಇತಾಯ್. 1968ರಲ್ಲಿ ಅಲ್ಲಿನ ಸರ್ಕಾರ ಕಾರಣವನ್ನು ಒಪ್ಪಿಕೊಂಡಿತು. ಯುರೋಪ್ 2006ರ ಕಾನೂನಿನಲ್ಲಿ ಮನೆಬಳಕೆಯ ಇಂಥ ಬ್ಯಾಟರಿಗಳನ್ನು ಹೆಚ್ಚುಕಡಿಮೆ ನಿಷೇಧಿಸಿತು. ನಮ್ಮಲ್ಲೂ 2022ರಿಂದ ಬ್ಯಾಟರಿ ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮಗಳಿವೆ. ಆದ್ದರಿಂದ ಹಳೇ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಭಾಗ 6/7

ಈ ಭಾಗ ಸೇವ್ ಮಾಡಿಟ್ಟುಕೊಳ್ಳಿ. ಹಳೇ ಎಲೆಕ್ಟ್ರಾನಿಕ್ ಎಂಜಿನ್ ಕೈಗೆ ಬಂದರೆ ಏನು ಮಾಡಬೇಕು?

ಒಂದು: ಹಳಿ ಮೇಲೆ ಇಡಲೇಬೇಡಿ. ಮೊದಲು ಬಿಚ್ಚಿ ನೋಡಿ.

ಎರಡು: ಬ್ಯಾಟರಿ ಸೋರಿದ್ದರೆ ಕೈಗವಸು ಹಾಕಿ ತೆಗೆಯಿರಿ. ಸೋರಿದ್ದು ಕ್ಷಾರ, ಅದಕ್ಕೆ ಮದ್ದು ಹುಳಿ. ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಕಿಲುಬು ಇರುವ ಕಡೆ ಮಾತ್ರ ಒರೆಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಂದು ದಿನ ಒಣಗಲು ಬಿಡಿ.

ಮೂರು: ಮಲ್ಟಿಮೀಟರ್ 8 ವೋಲ್ಟ್ ತೋರಿಸಿತು ಅಂತ ನಂಬಬೇಡಿ. ಕೆಲಸ ಇಲ್ಲದಾಗ ಮುದಿ ಬ್ಯಾಟರಿಯೂ ಒಳ್ಳೇ ವೋಲ್ಟೇಜ್ ತೋರಿಸುತ್ತದೆ, ಭಾರ ಬಿದ್ದಾಗ ಕುಸಿಯುತ್ತದೆ. ಎಷ್ಟು ಹಳೇದು ಅಂತ ಗೊತ್ತಿಲ್ಲದಿದ್ದರೆ ಬದಲಾಯಿಸಿಬಿಡಿ.

ನಾಲ್ಕು: ಇದೇ ಮುಖ್ಯ. ಸರಿಯಾದ ಜಾತಿಯ ಬ್ಯಾಟರಿ ಹಾಕಿ. ಎಂಜಿನ್ ತಾನೇ ಚಾರ್ಜ್ ಮಾಡುವಂಥದ್ದಾದರೆ ಅಂಗಡಿಯ ಮಾಮೂಲಿ 9 ವೋಲ್ಟ್ ಆಲ್ಕಲೈನ್ ಹಾಕಬಾರದು. ಅದು ಚಾರ್ಜ್ ಆಗೋದಿಲ್ಲ, ಬಿಸಿಯಾಗಿ ಸೋರಬಹುದು. ನಿಕಲ್-ಕ್ಯಾಡ್ಮಿಯಂ ಇದ್ದ ಜಾಗಕ್ಕೆ ಈಗ ಅದೇ 8.4 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಹಾಕುವುದು ವಾಡಿಕೆ. ಆದರೆ ಆ ಕಾಲದ ಲಯನಲ್ ರೈಲ್‌ಸೌಂಡ್ಸ್ ಕೇಳೋದು ಮಾಮೂಲಿ ಆಲ್ಕಲೈನನ್ನೇ. ಪ್ರೊಟೊ-ಸೌಂಡ್ 2ರ ನಂತರದ ಬೋರ್ಡುಗಳಿಗೆ ಬರೀ 2.4 ವೋಲ್ಟ್ ಸಾಕು. ಎಲ್ಲದಕ್ಕೂ ಒಂದೇ ಬ್ಯಾಟರಿ ಅಂತಿಲ್ಲ, ಕೈಪಿಡಿ ಓದಿ.

ಐದು: ಚಾರ್ಜ್ ಆಗುವ ಹೊಸ ಬ್ಯಾಟರಿಯನ್ನು ಹೊರಗೇ ಪೂರ್ತಿ ಚಾರ್ಜ್ ಮಾಡಿ ಆಮೇಲೆ ಹಾಕಿ.

ಆರು: ಎಂಜಿನ್ ಆನ್ ಮಾಡಿ, ಒಂದೇ ಒಂದು ಸಲ ಆಫ್ ಮಾಡಿ, ಕಿವಿಗೊಡಿ. ಸದ್ದು ಕೆಲವು ಸೆಕೆಂಡ್ ಉಳಿದು ನಿಂತರೆ ಬ್ಯಾಟರಿ ಚೆನ್ನಾಗಿದೆ. ಕರೆಂಟ್ ಜೊತೆಗೇ ಸದ್ದೂ ಹೋದರೆ ಅಲ್ಲಿಗೇ ನಿಲ್ಲಿಸಿ. ಬಟನ್ ಮೇಲೆ ಬಟನ್ ಒತ್ತಬೇಡಿ. ನನ್ನನ್ನು ನೋಡಿ ಕಲಿಯಿರಿ.

ಭಾಗ 7/7

ಈ ಬ್ಯಾಟರಿ ಕಾಟಕ್ಕೆ ಕೊನೆ ಇಲ್ವಾ ಅಂದ್ರೆ, ಎರಡು ದಾರಿಯಲ್ಲಿ ಬಂತು.

ಒಂದು, ಕರೆಂಟ್ ಕಡಿಯೋದನ್ನೇ ನಿಲ್ಲಿಸೋದು. 1990ರ ದಶಕದ ಮಧ್ಯದಲ್ಲಿ ಲಯನಲ್ ತಂದ ಟ್ರೈನ್‌ಮಾಸ್ಟರ್ ಪದ್ಧತಿಯಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜ್. ಮುಂದೆ ಹಿಂದೆ ಅಂತ ಹೇಳೋದು ರಿಮೋಟ್. ಇದರ ಹಿಂದೆ ರಾಕ್ ಗಾಯಕ ನೀಲ್ ಯಂಗ್ ಕೈವಾಡವೂ ಇತ್ತು. ಸೆರೆಬ್ರಲ್ ಪಾಲ್ಸಿ ಇರುವ ತನ್ನ ಮಗನಿಗೂ ರೈಲು ಆಡಿಸಲು ಆಗಬೇಕು ಅನ್ನೋದು ಆ ತಂದೆಯ ಆಸೆ. ಐವ್ಸ್ ಬಿಟ್ಟುಹೋದ ಆ ಅರೆಗಳಿಗೆಯ ಕತ್ತಲು ಅಲ್ಲಿಗೆ ಬಹುಪಾಲು ಮುಗಿಯಿತು.

ಎರಡನೇದು ಹಳೇ ಎಂಜಿನ್‌ಗಳಿಗೆ: ಬ್ಯಾಟರಿ ಜಾಗಕ್ಕೆ ಸೂಪರ್ ಕೆಪಾಸಿಟರ್. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು ಇದರ ಮೂಲರೂಪಕ್ಕೆ ಪೇಟೆಂಟ್ ಪಡೆದರು. 1970ರ ದಶಕದಲ್ಲಿ ಜಪಾನಿನ ಎನ್‌ಇಸಿ ಮಾರಾಟಕ್ಕೆ ತಂದಿತು. ಯಾವ ಕೆಲಸಕ್ಕೆ ಗೊತ್ತಾ? ಕರೆಂಟ್ ಹೋದಾಗ ಕಂಪ್ಯೂಟರಿನ ನೆನಪು ಉಳಿಸಲು! ಇದಕ್ಕೆ ಒಂದೆರಡು ನಿಮಿಷ ಕರೆಂಟ್ ಸಿಕ್ಕರೆ ತುಂಬುತ್ತದೆ, ಡಬ್ಬದಲ್ಲಿ ಇಪ್ಪತ್ತು ವರ್ಷ ಬರಿದಾಗಿದ್ದರೂ ಬ್ಯಾಟರಿಯ ಹಾಗೆ ಕೆಡೋದಿಲ್ಲ. ಒಂದೇ ನಿಯಮ: ಆನ್ ಮಾಡಿದ ತಕ್ಷಣ ಆಫ್ ಮಾಡಬಾರದು, ತುಂಬಲು ಬಿಡಬೇಕು.

ಎಂಟಿಎಚ್ ಬಾಗಿಲು ಮುಚ್ಚುವುದಾಗಿ 2020ರಲ್ಲಿ ಘೋಷಿಸಿ, ಆಮೇಲೆ ಚಿಕ್ಕದಾಗಿ ಮುಂದುವರಿಯಿತು. ಯಾವ ಕಂಪನಿಯಾದರೂ ಮೂವತ್ತು ವರ್ಷದ ಹಿಂದಿನ ಬೋರ್ಡನ್ನು ಎಷ್ಟು ದಿನ ಮಾಡಿಕೊಟ್ಟೀತು? ಹಾಗಾಗಿ ಇನ್ನು ಇವು ಉಳಿಯೋದು ಬಿಚ್ಚಿ ನೋಡುವವರ ಕೈಯಲ್ಲೇ.

ಮಾವನ ಎಂಜಿನ್ ಏನಾಯ್ತು ಅಂತ ಕೇಳ್ತೀರಿ. ಬೋರ್ಡನ್ನು ಕಸಿನ್ ಒಬ್ಬನ ಕೈಯಲ್ಲಿ ನ್ಯೂಜೆರ್ಸಿಗೇ ಕಳಿಸಿದೆ. ಅಲ್ಲಿನ ರಿಪೇರಿಯವರು ಚಿಪ್ಪಿಗೆ ಮತ್ತೆ ಬರೆಯೋಕೆ ಆಗಬಹುದು ಅಂದಿದ್ದಾರೆ. ಬರೀ "ಬಹುದು". ಉಳಿದ ಎಂಜಿನ್ ನನ್ನ ಶೆಲ್ಫ್ ಮೇಲೆ ಮೂಕವಾಗಿ ನಿಂತಿದೆ. ಮಾವ ಬೈಯಲಿಲ್ಲ. "ನಾನೇ ಹೇಳಿ ಕಳಿಸಬೇಕಿತ್ತು ಕಣೋ" ಅಂದರು. ಬೈದಿದ್ದರೇ ವಾಸಿ ಇತ್ತು.

ನಿಮ್ಮ ಮನೆ ಅಟ್ಟದಲ್ಲಿ ರೈಲು ಇರಲಿಕ್ಕಿಲ್ಲ. ಆದರೆ ಅಪ್ಪನ ಹಳೇ ರೇಡಿಯೋ, ಅಜ್ಜಿಯ ಟಾರ್ಚು, ನಿಮ್ಮದೇ ಚಿಕ್ಕಂದಿನ ಆಟಿಕೆ ಕಾರು ಇರಬಹುದು. ಈ ಭಾನುವಾರ ಒಂದು ಸಲ ಮೇಲೆ ಹತ್ತಿ, ಒಳಗೆ ಉಳಿದಿರೋ ಬ್ಯಾಟರಿ ತೆಗೆದುಬಿಡಿ. ಏನು ಸಿಕ್ಕಿತು ಅಂತ ಕಾಮೆಂಟಲ್ಲಿ ಹೇಳಿ. ಬೋರ್ಡ್ ವಾಪಸ್ ಬಂದ ದಿನ, ಮೊದಲು ಮಾವನಿಗೆ, ಆಮೇಲೆ ನಿಮಗೆ ಆ ಸಿಳ್ಳೆ ಕೇಳಿಸ್ತೀನಿ.

#ಆಟಿಕೆರೈಲು #ವಸ್ತುಗಳಚರಿತ್ರೆ #ಕನ್ನಡದಲ್ಲಿವಿಜ್ಞಾನ #ಬಿಚ್ಚಿನೋಡು