ವಿಜಯನಗರದ ಪಟ್ಟದರಸಿ: ತಿರುಮಲದೇವಿ ಮತ್ತು ಅವಳ ಕಾಲದ ರಾಣಿವಾಸ

ಕೃಷ್ಣದೇವರಾಯನ (ಆಳ್ವಿಕೆ 1509–1529) ಪಟ್ಟದ ರಾಣಿ ತಿರುಮಲದೇವಿ. ಶ್ರೀರಂಗಪಟ್ಟಣದ ಅರಸು ಮನೆತನದಿಂದ ಬಂದವಳು. ಶಾಸನಗಳಲ್ಲಿ ಅವಳ ಜೊತೆಗೇ ಕಾಣುವ ಇನ್ನೊಂದು ಹೆಸರು ರಾಯನ ಮತ್ತೊಬ್ಬ ರಾಣಿ ಚಿನ್ನಾದೇವಿಯದು. ಕಳಿಂಗದ ಅರಸ ಗಜಪತಿಯೊಂದಿಗಿನ ಯುದ್ಧ ಮುಗಿದ ಮೇಲೆ ಸಂಧಿಯ ಭಾಗವಾಗಿ ಆತನ ಮಗಳೂ ರಾಣಿವಾಸಕ್ಕೆ ಬಂದಳು. ಅರಮನೆಯ ಮದುವೆಗಳಲ್ಲಿ ರಾಜಕೀಯವೂ ಇರುತ್ತಿತ್ತು.

ರಾಣಿವಾಸದ ಕಟ್ಟುಪಾಡು

1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಪ್ರಕಾರ ರಾಯನಿಗೆ ಹನ್ನೆರಡು ಮಂದಿ ಧರ್ಮಪತ್ನಿಯರು. ಅವರಲ್ಲಿ ಮೂವರು ಪ್ರಧಾನರು. ಪ್ರತಿಯೊಬ್ಬಳಿಗೂ ಬೇರೆ ಮನೆ, ಪರಿಚಾರಿಕೆಯರು, ಒಡವೆ, ಹಣ. ಪರಪುರುಷರಿಗೆ ಅಲ್ಲಿ ಪ್ರವೇಶವಿಲ್ಲ; ರಾಣಿಯರು ಹೊರಟರೆ ಮುಚ್ಚಿದ ಪಲ್ಲಕ್ಕಿ. ಇಂದು ಹಂಪಿಯಲ್ಲಿ ತೋರಿಸುವ ಕಮಲ ಮಹಲ್, ರಾಣಿಯರ ಸ್ನಾನಗೃಹ ಎಂಬ ಹೆಸರುಗಳು ಈಚಿನವು. ಆ ಕಟ್ಟಡಗಳನ್ನು ರಾಣಿಯರೇ ಬಳಸುತ್ತಿದ್ದರೆಂಬುದಕ್ಕೆ ಶಾಸನಾಧಾರವಿಲ್ಲ.

ದಾನ, ಯಾತ್ರೆ

ಪರದೆಯ ಒಳಗಿದ್ದರೂ ದಾನದ ಕಲ್ಲುಗಳ ಮೇಲೆ ರಾಣಿಯರ ಹೆಸರು ಸ್ವತಂತ್ರವಾಗಿಯೇ ಇದೆ. 1513ರಲ್ಲಿ ತಿರುಪತಿಯ ವೆಂಕಟೇಶ್ವರನ ಹಾಲಿನ ನೈವೇದ್ಯಕ್ಕೆ ತಿರುಮಲದೇವಿ, ಚಿನ್ನಾದೇವಿ ಇಬ್ಬರೂ ಒಂದೊಂದು ಚಿನ್ನದ ಬಟ್ಟಲು ಅರ್ಪಿಸಿದರು. ಕಳಿಂಗದ ದಂಡಯಾತ್ರೆಯ ಕಾಲದಲ್ಲೂ ರಾಯನ ಜೊತೆಗಿದ್ದು, 1516ರಲ್ಲಿ ಸಿಂಹಾಚಲದ ದೇವರಿಗೆ ಕಾಣಿಕೆ ಸಲ್ಲಿಸಿದರು. ತಿರುಮಲದ ಗುಡಿಯಲ್ಲಿ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆಯ ಎಡಬಲಕ್ಕೆ ಇವರಿಬ್ಬರ ಪ್ರತಿಮೆಗಳಿವೆ.

ರಾಣಿಯ ಹೆಸರಿನ ಊರು

ರಾಯ ತನ್ನ ಪ್ರೀತಿಯ ಮಡದಿಯ ಹೆಸರಿನಲ್ಲಿ ಹೊಸ ಪಟ್ಟಣ ಕಟ್ಟಿಸಿದನೆಂದು ಪಾಯೆಸ್ ಬರೆದಿದ್ದಾನೆ. ಆ ಪಟ್ಟಣವೇ ಇಂದಿನ ಹೊಸಪೇಟೆ. ಶಾಸನಗಳಲ್ಲಿ ಅದು ತಿರುಮಲದೇವಿಯ ಪಟ್ಟಣ. ರಾಯನ ತಾಯಿ ನಾಗಲಾದೇವಿಯ ನೆನಪಿನ ನಾಗಲಾಪುರ ಎಂಬ ಹೆಸರೂ ಅದಕ್ಕೆ ರೂಢಿಯಲ್ಲಿತ್ತು. ರಾಯನ ನಂತರ ಆಳಿದ ತಮ್ಮ ಅಚ್ಯುತರಾಯನ ರಾಣಿ ವರದಾಂಬಿಕೆಗೂ ಹಂಪಿಯ ಬಳಿ ವರದಾದೇವಿ ಅಮ್ಮನ ಪಟ್ಟಣ ಇತ್ತು. ಆಕೆಯ ಮದುವೆಯೇ ತಿರುಮಲಾಂಬೆಯ ಸಂಸ್ಕೃತ ಚಂಪೂ ‘ವರದಾಂಬಿಕಾ ಪರಿಣಯ’ದ ವಸ್ತು.

ಮಗನ ಸಾವು

ರಾಣಿಯ ಸ್ಥಾನ ಗಟ್ಟಿಯಾಗುತ್ತಿದ್ದುದು ಮಗನಿಂದ. ತಿರುಮಲದೇವಿಯ ಮಗ ತಿರುಮಲರಾಯನಿಗೆ ಎಳೆಯ ವಯಸ್ಸಿನಲ್ಲೇ ಪಟ್ಟಕಟ್ಟಲಾಯಿತು. 1524ರಲ್ಲಿ ಅವನ ಹೆಸರಿನ ಊರು, ಅಲ್ಲಿ ಅನಂತಶಯನ ಗುಡಿ ಎದ್ದವು. ಹುಡುಗ ಬೇಗನೆ ತೀರಿಕೊಂಡ. ಸಾವಿನ ಗುಮಾನಿ ಮಂತ್ರಿ ತಿಮ್ಮರಸನ ಕುಟುಂಬದ ಮೇಲೆ ಬಿದ್ದು, ಅವರ ಕಣ್ಣು ಕೀಳಿಸಲಾಯಿತೆಂದು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆಯುತ್ತಾನೆ. 1529ರಲ್ಲಿ ಸಿಂಹಾಸನ ರಾಯನ ತಮ್ಮ ಅಚ್ಯುತನ ಪಾಲಾಯಿತು.

ತಿರುಮಲದೇವಿಯ ಪಟ್ಟಣವಾಗಿದ್ದ ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ. ಅನಂತಶಯನ ಗುಡಿ ಹಂಪಿಗೆ ಹೋಗುವ ದಾರಿಯಲ್ಲೇ ಇದೆ. ಹೋಗುವವರು ಅಲ್ಲಿಯೂ ಇಳಿದು ನೋಡಬೇಕು.