ಸ್ಥೌಲ್ಯವೂ ಪುರುಷಪ್ರಯತ್ನವೂ

ಮನುಷ್ಯನು ಸ್ವಪ್ರಯತ್ನದಿಂದ ತನ್ನ ಸ್ಥಿತಿಯನ್ನು ಬದಲಾಯಿಸಿಕೊಳ್ಳಬಲ್ಲನೆ ಎಂಬುದು ಹಳೆಯ ಪ್ರಶ್ನೆ. ಅದಕ್ಕೆ ಒಂದೊಂದು ಕಾಲವು ಕೊಟ್ಟ ಉತ್ತರವು ಸ್ಥೂಲಕಾಯರನ್ನು ಆ ಕಾಲವು ಕಂಡ ರೀತಿಯ ಮೇಲೂ ಪ್ರಭಾವ ಬೀರಿದೆ. ಇದನ್ನು ಕೆಲವು ನಿದರ್ಶನಗಳಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಪ್ರಾಚೀನ ವೈದ್ಯವನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಎಂಟು ಬಗೆಯ ನಿಂದಿತ ಶರೀರಗಳನ್ನು ಹೆಸರಿಸುತ್ತದೆ. ಅತಿಸ್ಥೂಲನೊಡನೆ ಅತಿಕೃಶ, ಅತಿದೀರ್ಘ, ಅತಿಹ್ರಸ್ವ, ಅತಿಗೌರ, ಅತಿಕೃಷ್ಣ ಮೊದಲಾದವರೂ ಆ ಪಟ್ಟಿಯಲ್ಲಿದ್ದಾರೆ. ನಿಲುವನ್ನಾಗಲಿ ಬಣ್ಣವನ್ನಾಗಲಿ ಯಾರೂ ಪ್ರಯತ್ನದಿಂದ ಮಾರ್ಪಡಿಸಿಕೊಳ್ಳಲಾರರು. ಆದ್ದರಿಂದ ಇಲ್ಲಿಯ ನಿಂದೆಯು ಸಂಕಲ್ಪದೌರ್ಬಲ್ಯದ ಆರೋಪವಲ್ಲವೆಂದು ಭಾವಿಸಬಹುದು. ಸ್ಥೌಲ್ಯದ ಕಾರಣಗಳಲ್ಲಿಯೂ ಅತಿಭೋಜನ, ವ್ಯಾಯಾಮದ ಅಭಾವ, ಹಗಲುನಿದ್ರೆಗಳ ಜೊತೆಗೆ ಬೀಜಸ್ವಭಾವವನ್ನು ಗ್ರಂಥವು ಎಣಿಸುತ್ತದೆ. ಚಿಕಿತ್ಸೆಯನ್ನು ವಿಧಿಸುವಾಗಲೂ ಅದು ಹುಟ್ಟನ್ನು ಮರೆತಿಲ್ಲ.

ಇದಕ್ಕಿಂತ ಭಿನ್ನವಾದ ಮನೋಧರ್ಮದ ಬೆಳವಣಿಗೆಯನ್ನು ಅರಿಯಲು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನತ್ತ ತಿರುಗಬೇಕು. ಲಂಡನ್ನಿನ ವಿಲಿಯಂ ಬ್ಯಾಂಟಿಂಗನು ಅಂತ್ಯಕ್ರಿಯೆಗಳ ವ್ಯವಸ್ಥೆಯನ್ನು ವೃತ್ತಿಯಾಗಿ ಉಳ್ಳವನು. 5 ಅಡಿ 5 ಅಂಗುಲ ಎತ್ತರದ ಆತನ ತೂಕ 1862ರಲ್ಲಿ 202 ಪೌಂಡು. ಬಗ್ಗಿ ಪಾದರಕ್ಷೆಯ ದಾರ ಕಟ್ಟಲಾರನು. ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದನು. ಆತನು ಸೋಮಾರಿಯಲ್ಲ. ದೋಣಿಗೆ ಹುಟ್ಟು ಹಾಕಿ ಶ್ರಮಿಸಿದನು, ಹೆಚ್ಚಿದುದು ಹಸಿವು. ಸಭೆಗಳಲ್ಲಿಯೂ ವಾಹನಗಳಲ್ಲಿಯೂ ಸ್ಥೂಲರು ಅನುಭವಿಸುವ ಪರಿಹಾಸ್ಯವನ್ನು ಆತನು ನೋವಿನಿಂದ ಸ್ಮರಿಸಿದ್ದಾನೆ. ಕಿವಿಯ ತೊಂದರೆಗಾಗಿ ಕಂಡ ಹಾರ್ವೆ ಎಂಬ ವೈದ್ಯನು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ವರ್ಜಿಸುವಂತೆ ತಿಳಿಸಿದನು. ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. 1863ರಲ್ಲಿ ತನ್ನ ಅನುಭವವನ್ನು ಪುಸ್ತಿಕೆಯಾಗಿ ಅಚ್ಚುಹಾಕಿಸಿ ಬ್ಯಾಂಟಿಂಗನು ಮೊದಲಿಗೆ ಉಚಿತವಾಗಿಯೇ ಹಂಚಿದನು. ಆತನ ಹೆಸರೇ ಪಥ್ಯವಾಚಕವಾಯಿತು. ಸ್ವೀಡನ್ನಿನ ಭಾಷೆಯಲ್ಲಿ ಆ ಕ್ರಿಯಾಪದವು ಇಂದಿಗೂ ಬಳಕೆಯಲ್ಲಿದೆ.

ಬ್ಯಾಂಟಿಂಗನಿಗೆ ಈ ಪರಿವರ್ತನೆಯು ಬಿಡುಗಡೆಯಾಗಿತ್ತು. ಆದರೆ 'ಬದಲಾಗಬಹುದು' ಎಂಬ ಭರವಸೆಯು 'ಬದಲಾಗಲೇಬೇಕು' ಎಂಬ ಕಟ್ಟಳೆಯಾಗಲು ಬಹುಕಾಲ ಬೇಕಾಗಲಿಲ್ಲ. ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ಕ್ಯಾಲೊರಿಗಳ ಲೆಕ್ಕವನ್ನು ಜನಸಾಮಾನ್ಯರಿಗೆ ತಿಳಿಸುವ ಗ್ರಂಥವನ್ನು ಪ್ರಕಟಿಸಿದಳು. ಅದು ಮಹಾಯುದ್ಧದ ಕಾಲ. ದೇಹದಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುವುದು ಧಾನ್ಯವನ್ನು ಬಚ್ಚಿಟ್ಟಂತೆ ದೇಶದ್ರೋಹವೆಂಬ ಧ್ವನಿ ಆ ಬರಹದಲ್ಲಿದೆ. ಲೆಕ್ಕವು ಎಲ್ಲರಿಗೂ ತಿಳಿದ ಮೇಲೆ, ಇಳಿಯದ ತೂಕಕ್ಕೆ ಆಯಾ ವ್ಯಕ್ತಿಯೇ ಹೊಣೆಗಾರನಾದನು.

ಈ ನಂಬಿಕೆಯನ್ನು ವಿಜ್ಞಾನವು ಮುಂದೆ ತಿದ್ದಿತು. ಡೆನ್ಮಾರ್ಕಿನಲ್ಲಿ ದತ್ತುಹೋದ 540 ಜನರನ್ನು ಕುರಿತು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರ ತೂಕವು ಹೆತ್ತವರ ತೂಕದೊಡನೆ ಸಂಬಂಧವುಳ್ಳದ್ದೆಂದೂ ಸಾಕಿದವರ ತೂಕದೊಡನೆ ಅಲ್ಲವೆಂದೂ ಕಂಡುಬಂದಿತು. 1994ರಲ್ಲಿ ಲೆಪ್ಟಿನ್ ಎಂಬ ರಸದೂತವು ಪತ್ತೆಯಾಗಿ, ಹಸಿವೂ ಕೇವಲ ಇಚ್ಛೆಯ ಅಧೀನವಲ್ಲವೆಂಬುದು ಸ್ಪಷ್ಟವಾಯಿತು. ಚರಕನ ಬೀಜಸ್ವಭಾವಕ್ಕೂ ಇದಕ್ಕೂ ಶಾಸ್ತ್ರದೃಷ್ಟಿಯಿಂದ ಸಾಮ್ಯ ಕಲ್ಪಿಸುವುದು ಸಾಧುವಲ್ಲ. ಆದರೆ ಎರಡೂ ನಿಂದಕನ ಬಾಯನ್ನು ತಡೆಯುತ್ತವೆ.

ಹಾಗೆಂದು ಎಲ್ಲವೂ ಹುಟ್ಟಿನಿಂದಲೇ ನಿರ್ಣೀತವೆಂದು ಕೈಚೆಲ್ಲುವುದು ಬ್ಯಾಂಟಿಂಗನ ಅನುಭವಕ್ಕೆ ಮಾಡುವ ಅನ್ಯಾಯ. ದೇಹವು ಬದಲಾಗಬಲ್ಲುದೆ ಎಂಬುದು ವೈದ್ಯನ ಪ್ರಶ್ನೆ. ಬದಲಾಗದವನು ದೋಷಿಯೆ ಎಂಬುದು ನೀತಿಯ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೂ ಅನ್ವಯಿಸಿದಾಗಲೆಲ್ಲ ಭರವಸೆಯು ಆರೋಪವಾಗಿ ಮಾರ್ಪಟ್ಟಿದೆ ಎಂಬುದೇ ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಅಂಶ.